ನೊಗದ ಮೇಲಿನ ಭಾರ - ಘಟ್ಟದ ಗಾಡಿಯಿಂದ ಭಾವನ ಹಿಚ್ಚಿನ ತನಕ

ಕುಮಟಾ ಹತ್ತಿ ಅಂತ ಒಂದು ಹತ್ತಿ ಇತ್ತು. ಬಾಂಬೆಯ ದಲಾಲರೂ ಇಂಗ್ಲೆಂಡಿನ ಗಿರಣಿಯವರೂ ಆ ಹೆಸರಿನಲ್ಲೇ ಅದನ್ನು ಕೊಳ್ಳುತ್ತಿದ್ದರು. ತಮಾಷೆಯೆಂದರೆ ಆ ಹತ್ತಿ ಬೆಳೆಯುತ್ತಿದ್ದದ್ದು ಕುಮಟಾದಲ್ಲಲ್ಲ. ಹುಬ್ಬಳ್ಳಿ, ಧಾರವಾಡ, ಗದಗದ ಕಪ್ಪು ನೆಲದಲ್ಲಿ ಬೆಳೆದ ಹತ್ತಿ ಗಾಡಿ ಏರಿ, ನಮ್ಮ ಕಾಡಿನ ನಡುವೆ ಹಾದು, ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಪತ್ತೇಮಾರಿಗಳಲ್ಲಿ ಬಾಂಬೆಗೆ. ಹತ್ತಿ ಯಾವ ಬಂದರಿನಿಂದ ಬಂತೋ ಆ ಊರಿನ ಹೆಸರು ಅದಕ್ಕೆ ಅಂಟಿಕೊಂಡಿತು. ಬೆಳೆದ ರೈತನ ಊರಿಗೂ ಹೆಸರಿಲ್ಲ, ಹೊತ್ತು ತಂದ ಎತ್ತಿಗಂತೂ ಮೊದಲೇ ಇಲ್ಲ.

ಈ ಎತ್ತಿನ ಬಗ್ಗೆಯೇ ಇವತ್ತು ಬರೆಯೋಣ ಅಂತ. ಸರಿಯಾಗಿ ಹೇಳಬೇಕೆಂದರೆ, ಎತ್ತಿನ ಕುತ್ತಿಗೆಯ ಮೇಲೆ ಎಷ್ಟು ಕಿಲೋ ಇತ್ತು ಅನ್ನುವುದರ ಬಗ್ಗೆ.

ನಮ್ಮ ಜಿಲ್ಲೆಯ ಚರಿತ್ರೆ ಓದಿದವರಿಗೆ ಗೊತ್ತಿರುತ್ತದೆ, ಹತ್ತಿಯ ಕತೆ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಉತ್ತರ ಕನ್ನಡ ಮೊದಲು ಮದ್ರಾಸ್ ಪ್ರಾಂತ್ಯದಲ್ಲಿತ್ತು. 1862ರಲ್ಲಿ ಅದನ್ನು ಬಾಂಬೆಗೆ ಸೇರಿಸಿದರು. ಅದರ ಹಿಂದಿನ ಕಾರಣಗಳಲ್ಲಿ ಹತ್ತಿಯೂ ಒಂದು. 1861ರಿಂದ 65ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ. ದಕ್ಷಿಣದ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಬಿತ್ತು, ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಇಲ್ಲ. ಇದ್ದಕ್ಕಿದ್ದಂತೆ ಎಲ್ಲರ ಕಣ್ಣು ಇಂಡಿಯಾದ ಮೇಲೆ, ಅದರಲ್ಲೂ ಧಾರವಾಡದ ಮೇಲೆ. ಅದಕ್ಕೂ ಮೊದಲೇ, 1840ರ ದಶಕದಲ್ಲೇ, ಕಂಪನಿ ಸರ್ಕಾರ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ ಧಾರವಾಡದ ಕಡೆ ಅಮೆರಿಕದ ಬೀಜ ಹಾಕಿಸಿತ್ತು. ಆ ಹತ್ತಿಗೆ 'ಧಾರವಾಡ-ಅಮೆರಿಕನ್' ಅಂತಲೇ ಹೆಸರು. ಕುಮಟಾ ಹತ್ತಿಯೆಂದರೆ ಇಲ್ಲಿಯದೇ ಹಳೆಯ ತಳಿ. ಎರಡೂ ಇಳಿಯಬೇಕಾದದ್ದು ಮಾತ್ರ ಇದೇ ಘಟ್ಟ.

ಘಟ್ಟ ಅಂದರೆ ನಮಗೆ ಮೂರು ದಾರಿ. ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿದರೆ ಅಂಕೋಲಾ, ಕಾರವಾರ. ಶಿರಸಿಯಿಂದ ದೇವಿಮನೆ ಇಳಿದರೆ ಕುಮಟಾ. ಸಿದ್ದಾಪುರದ ಕಡೆಯಿಂದ ಮಾವಿನಗುಂಡಿ ದಾಟಿ ಇಳಿದರೆ ಗೇರುಸೊಪ್ಪೆ, ಹೊನ್ನಾವರ. (ಸಿದ್ದಾಪುರದವರು ದೊಡ್ಮನೆ ಘಟ್ಟ ಯಾಕೆ ಬಿಟ್ಟೆ ಅಂತ ಜಗಳಕ್ಕೆ ಬರಬೇಡಿ, ಅದೂ ಇದೆ :) ) ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಕುಮಟಾ ಸುಮಾರು 60 ಕಿಲೋಮೀಟರ್ ದೂರ. ಆದರೆ ಆ ಇಳಿತ ಈ ಅರವತ್ತರಲ್ಲಿ ಸಮನಾಗಿ ಹರಡಿಕೊಂಡಿಲ್ಲ. ಹೆಚ್ಚಿನದೆಲ್ಲ ಕೆಲವೇ ಮೈಲಿಗಳಲ್ಲಿ, ತಿರುವು ತಿರುವಾಗಿ ಮುಗಿದುಹೋಗುತ್ತದೆ. ಈಗ ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುವ ನಾವು ಅದನ್ನೆಲ್ಲ ನೋಡುವುದೂ ಇಲ್ಲ.

ಈ ದಾರಿಗಳಲ್ಲಿ ಮೊದಲು ಗಾಡಿ ಇರಲಿಲ್ಲ. 1623ರಲ್ಲಿ ಇಟಲಿಯ ಪೀಟ್ರೋ ಡೆಲ್ಲಾ ವಲ್ಲೆ ಹೊನ್ನಾವರದಿಂದ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಇತ್ತ ಬಂದು ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿ ಎಲ್ಲ ಸುತ್ತಿದ. ಆ ಕಾಲದಲ್ಲಿ ಘಟ್ಟದ ಸರಕು ಅಂದರೆ ಒಂದೋ ಮನುಷ್ಯನ ತಲೆ, ಇಲ್ಲವೇ ಹೇರೆತ್ತಿನ ಬೆನ್ನು. ಮೇಲಿನಿಂದ ಕಾಳುಮೆಣಸು, ಅಡಿಕೆ, ಏಲಕ್ಕಿ, ಅಕ್ಕಿ. ಕೆಳಗಿನಿಂದ ಉಪ್ಪು, ತೆಂಗಿನಕಾಯಿ, ಒಣಮೀನು. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ಗೊತ್ತಲ್ಲ, ಅದು.

ಹೇರೆತ್ತಿನ ಲೆಕ್ಕ ಸುಲಭ. ಬೆನ್ನಿನ ಎರಡೂ ಕಡೆ ಎರಡು ಗೋಣಿ. ಎರಡೂ ಸಮ ಇರಬೇಕು. ಒಂದು ಹೆಚ್ಚಾದರೆ ಹೇರು ಜಾರಿ ಹೊಟ್ಟೆಯಡಿ ಬರುತ್ತದೆ, ಇಲ್ಲವಾದರೆ ಬೆನ್ನು ಉಜ್ಜಿ ಹುಣ್ಣಾಗುತ್ತದೆ. ಏರಿನಲ್ಲೂ ಇಳಿಜಾರಿನಲ್ಲೂ ಒಂದು ಎತ್ತು ಹೊರುವ ಭಾರ ಅಷ್ಟೇ, ಸ್ವಲ್ಪ ಹಿಂದುಮುಂದಾಗಬಹುದು. ಆದರೆ ಒಂದು ಎತ್ತು ಹೊರುವುದು ಒಂದು ಕ್ವಿಂಟಲ್‌ಗಿಂತ ಹೆಚ್ಚಲ್ಲ. ಗಾಡಿಗೆ ಕಟ್ಟಿದರೆ ಅದೇ ಒಂದು ಜೊತೆ ಎತ್ತು ಅದರ ಎಷ್ಟೋ ಪಟ್ಟು ಎಳೆಯುತ್ತದೆ, ಯಾಕೆಂದರೆ ಭಾರವನ್ನು ಹೊರುವುದು ಅಚ್ಚು ಮತ್ತು ಗಾಲಿ. ಎತ್ತು ಎಳೆದರೆ ಸಾಕು.

'ಎಳೆದರೆ ಸಾಕು' ಅಂತ ಪುಸ್ತಕದಲ್ಲಿ ಬರೆಯಬಹುದು. ಎರಡು ಗಾಲಿಯ ಗಾಡಿಯಲ್ಲಿ ಅದು ನಿಜವಲ್ಲ. ಇಲ್ಲಿಂದ ನನ್ನ ಕುತೂಹಲ ಶುರುವಾಗುವುದು.

ಎರಡು ಗಾಲಿಯ ಗಾಡಿ ಒಂದು ತಕ್ಕಡಿ ಇದ್ದ ಹಾಗೆ. ಅಚ್ಚು ನಡುವಿನ ಮುಳ್ಳು. ಮುಂದೆ ಮೂಕಿ, ಮೂಕಿಯ ತುದಿಗೆ ನೊಗ, ನೊಗದಡಿ ಎರಡು ಕುತ್ತಿಗೆ. ಹೇರಿದ ಸರಕಿನ ತೂಕದ ನಡುಬಿಂದು ಅಚ್ಚಿನ ನೇರ ಮೇಲಿದ್ದರೆ ನೊಗದ ಮೇಲೆ ಭಾರವೇ ಇಲ್ಲ. ಸ್ವಲ್ಪ ಮುಂದೆ ಬಂದರೆ ನೊಗ ಕುತ್ತಿಗೆಯನ್ನು ಒತ್ತುತ್ತದೆ. ಹಿಂದೆ ಹೋದರೆ ನೊಗ ಮೇಲೇಳುತ್ತದೆ, ಕೊರಳಿನ ಕಣ್ಣಿ ಗಂಟಲಿಗೆ ಬಿಗಿದುಕೊಳ್ಳುತ್ತದೆ. ಎತ್ತಿಗೆ ಉಸಿರು ಕಟ್ಟುತ್ತದೆ.

ಹಾಗಾದರೆ ಸೊನ್ನೆ ಇಟ್ಟರೆ ಆಯಿತಲ್ಲ ಅನ್ನಬಹುದು. ಆಗುವುದಿಲ್ಲ. ಅಜ್ಜ ಗಾಡಿ ಹೊಡೆದವರು, ಅಡಿಕೆ ಚೀಲ ಹೇರಿಕೊಂಡು ಶಿರಸಿ ಪೇಟೆಗೆ ಹೋಗಿ ಬಂದವರು. ಹೇರಿ ಆದಮೇಲೆ ಎತ್ತು ಕಟ್ಟುವ ಮೊದಲು ಮೂಕಿಯನ್ನು ಕೈಯಲ್ಲಿ ಒಮ್ಮೆ ಎತ್ತಿ ನೋಡುತ್ತಿದ್ದರಂತೆ. ಕೇಳಿದರೆ ಅವರು ಹೇಳುವುದು ಇಷ್ಟೇ - "ಮೂಕಿ ಮೇಲೆ ಭಾರ ಇರವು ತಮಾ, ಆದ್ರೆ ಕುತ್ಗೆ ಕಡೀಲಾಗ." ಎಷ್ಟು ಭಾರ ಅಂದರೆ ಕೈ ತೋರಿಸುತ್ತಾರೆ. ಆ ಕೈಯನ್ನು ಕಿಲೋಗೆ ಬದಲಾಯಿಸುವುದು ಇಂಜಿನಿಯರಿಂಗ್ ಓದಿದ ನನ್ನಂಥವನ ಚಟ, ಕ್ಷಮಿಸಿ. ಒಂದು ಸಣ್ಣ ಲೆಕ್ಕ ಹಾಕೋಣ. ಗಣಿತ ಕಂಡರೆ ಆಗದವರು ಒಂದು ಪ್ಯಾರಾ ಹಾರಿಸಿ.

ಗಾಲಿ ಬಿಟ್ಟು ಗಾಡಿಯ ಮೈ ಮತ್ತು ಸರಕು ಸೇರಿ 900 ಕಿಲೋ ಅಂತಿಟ್ಟುಕೊಳ್ಳಿ. ಅಚ್ಚಿನಿಂದ ನೊಗಕ್ಕೆ 3 ಮೀಟರ್. ತೂಕದ ನಡುಬಿಂದು ಅಚ್ಚಿಗಿಂತ 10 ಸೆಂಟಿಮೀಟರ್ ಮುಂದಿದೆ. ಸಪಾಟು ನೆಲದಲ್ಲಿ ನೊಗದ ಮೇಲೆ 30 ಕಿಲೋ, ಒಂದೊಂದು ಕುತ್ತಿಗೆಗೆ 15. ಅಡ್ಡಿಯಿಲ್ಲ. ಈಗ ಹತ್ತಕ್ಕೆ ಒಂದರ ಇಳಿಜಾರು ಬಂತು. ಗಾಡಿ ಮುಂದಕ್ಕೆ ಬಾಗಿತು. ತೂಕದ ನಡುಬಿಂದು ಅಚ್ಚಿಗಿಂತ ಎಷ್ಟು ಎತ್ತರದಲ್ಲಿದೆಯೋ ಅದರ ಹತ್ತನೇ ಒಂದು ಪಾಲು ಅದು ಮುಂದಕ್ಕೆ ಜರುಗಿದ ಹಾಗೆ. ಸರಕು ಉಪ್ಪಿನ ಚೀಲ ಆದರೆ ರಾಶಿ ತಗ್ಗು, ನಡುಬಿಂದು ಅಚ್ಚಿಗಿಂತ ಒಂದಡಿ, ಅಂದರೆ 30 ಸೆಂಟಿಮೀಟರ್ ಮೇಲೆ ಅನ್ನಿ. 3 ಸೆಂಟಿಮೀಟರ್ ಜರುಗುತ್ತದೆ, ನೊಗದ ಮೇಲೆ 39 ಕಿಲೋ. ಸರಕು ಹತ್ತಿ ಆದರೆ? ಸರಿಯಾಗಿ ಒತ್ತದ ಹತ್ತಿ ಅಷ್ಟೇ ತೂಕದ ಉಪ್ಪಿಗಿಂತ ಹತ್ತಿರ ಹತ್ತು ಪಟ್ಟು ಜಾಗ ಹಿಡಿಯುತ್ತದೆ. ಅಗಲಕ್ಕೆ ಹೋಗುವಂತಿಲ್ಲ, ಗಾಲಿ ಅಡ್ಡ. ಹಾಗಾಗಿ ಎತ್ತರಕ್ಕೇ ಹೇರಬೇಕು. ನಡುಬಿಂದು 90 ಸೆಂಟಿಮೀಟರ್ ಮೇಲೆ ಹೋದರೆ 9 ಸೆಂಟಿಮೀಟರ್ ಜರುಗುತ್ತದೆ, ನೊಗದ ಮೇಲೆ 57 ಕಿಲೋ. ಅದೇ ಗಾಡಿ ಹತ್ತಕ್ಕೆ ಒಂದರ ಏರು ಹತ್ತುವಾಗ ಉಪ್ಪಿಗೆ 21 ಕಿಲೋ ಉಳಿದರೆ ಹತ್ತಿಗೆ ಉಳಿಯುವುದು ಬರೀ 3 ಕಿಲೋ. ಒಂದು ಗುಂಡಿ ಹಾರಿದರೆ ನೊಗ ಎದ್ದಿತೆಂದೇ ಅರ್ಥ.

ಎಳೆತ, ತಡೆತ, ಗಾಲಿಯ ಜಗ್ಗಾಟ ಎಲ್ಲ ಬಿಟ್ಟು ಮಾಡಿದ ಲೆಕ್ಕ ಇದು, ಮೇಷ್ಟ್ರಾದವರು ಅಂಕ ಕತ್ತರಿಸಬೇಡಿ. ನಾನು ಹೇಳಹೊರಟದ್ದು ಇಷ್ಟು: ಒಂದೇ ತೂಕದ ಎರಡು ಗಾಡಿ ಘಟ್ಟದಲ್ಲಿ ಒಂದೇ ಅಲ್ಲ. ಹುಬ್ಬಳ್ಳಿಯಿಂದ ಏಕಂಬಿ ತನಕ ಸುಮಾರಾಗಿ ಸಪಾಟು ನೆಲದಲ್ಲಿ ನೆಮ್ಮದಿಯಾಗಿ ಬಂದ ಹತ್ತಿಗಾಡಿ ದೇವಿಮನೆಯ ನೆತ್ತಿಯಲ್ಲಿ ಬೇರೆಯೇ ಗಾಡಿಯಾಗಿಬಿಡುತ್ತಿತ್ತು. ಮತ್ತು ಹತ್ತಿಗೆ ಯಾವತ್ತೂ ಇಳಿಜಾರಿನ ಪಾಲು. ವಾಪಸ್ ಬರುವಾಗ ಉಪ್ಪು, ಅದಕ್ಕೆ ಏರಿನ ಪಾಲು. ಅಂದರೆ ಎತ್ತರದ ಸರಕು ಕುತ್ತಿಗೆಯನ್ನು ಒತ್ತುತ್ತ ಇಳಿಯುತ್ತದೆ, ತಗ್ಗಿನ ಸರಕು ಎದೆಯ ಬಲ ಕೇಳುತ್ತ ಹತ್ತುತ್ತದೆ. ಉಲ್ಟಾ ಆಗಿದ್ದರೆ, ಹತ್ತಿ ಹತ್ತಬೇಕಾಗಿ ಬಂದಿದ್ದರೆ, ನೊಗ ಏಳುವ ಸಂಕಟ ಇನ್ನೂ ದೊಡ್ಡದಾಗುತ್ತಿತ್ತು.

ಗಾಡಿಯವರು ಇದಕ್ಕೆ ಏನು ಮಾಡುತ್ತಿದ್ದರು? ಒಂದು, ತಾವೇ ತೂಕದ ಕಲ್ಲಾಗುತ್ತಿದ್ದರು. ಏರಿನಲ್ಲಿ ಮುಂದೆ ಬಂದು ಮೂಕಿಯ ಬುಡದಲ್ಲಿ ಕೂರುವುದು, ಇಳಿಜಾರಿನಲ್ಲಿ ಇಳಿದು ನಡೆಯುವುದು, ಬೇಕಾದರೆ ಗಾಡಿಯ ಹಿಂದಕ್ಕೆ ಜೋತುಬೀಳುವುದು. ಇನ್ನೊಂದು, ಗಾಡಿಯ ಹಿಂದೆ ಮರದ ತುಂಡು ಕಟ್ಟಿ ಎಳೆಸಿಕೊಂಡು ಬರುವುದು. ಗಾಲಿಗೆ ಮರದ ಕಟ್ಟಿಗೆಯನ್ನು ಹಗ್ಗದಲ್ಲಿ ಬಿಗಿದು ಉಜ್ಜಿಸುವ ಬ್ರೇಕೂ ಇತ್ತು. ಬ್ರೇಕು ಇಲ್ಲದಿದ್ದರೆ 900 ಕಿಲೋ ಗಾಡಿ ಹತ್ತಕ್ಕೆ ಒಂದರ ಇಳಿಜಾರಿನಲ್ಲಿ 90 ಕಿಲೋ ಬಲದಿಂದ ಎತ್ತನ್ನು ಮುಂದಕ್ಕೆ ನೂಕುತ್ತದೆ. ಅದನ್ನು ಎರಡು ಪ್ರಾಣಿಗಳು ನೊಗವನ್ನು ಹಿಂದಕ್ಕೆ ಒತ್ತಿ ಹಿಡಿದು ತಡೆಯಬೇಕು. ಕುತ್ತಿಗೆಯ ಮೇಲಿನ 57 ಕಿಲೋ ಬೇರೆ.

ಇದಕ್ಕೆಲ್ಲ ಅವಸರವೂ ಸೇರಿತ್ತು. ಕಪ್ಪು ನೆಲದ ಹತ್ತಿ ಬಿಡಿಸುವುದು ಬೇಸಿಗೆಗೆ. ಜೂನ್ ಬಂತೆಂದರೆ ಘಟ್ಟದ ರಸ್ತೆ ಕೆಸರು, ಪಡುಗಡಲಿನ ಬಂದರುಗಳು ಬಂದ್. ಮಳೆಗಾಲದೊಳಗೆ ಹಡಗು ಹತ್ತದ ಹತ್ತಿ ನಾಲ್ಕು ತಿಂಗಳು ಗೋದಾಮಿನಲ್ಲೇ. ಹುಬ್ಬಳ್ಳಿಯಿಂದ ಕುಮಟಾಕ್ಕೆ ಎತ್ತಿನ ನಡಿಗೆಯಲ್ಲಿ ಹತ್ತಿರ ಹತ್ತಿರ ವಾರದ ದಾರಿ. ಮೇ ತಿಂಗಳ ಕೊನೆಯಲ್ಲಿ ಯಾರಾದರೂ ಗಾಡಿಯನ್ನು ಅರ್ಧ ತುಂಬಿಸುತ್ತಾರೆಯೇ? ಎತ್ತರೆತ್ತರಕ್ಕೆ ಹೇರುತ್ತಾರೆ. 1860ರ ದಶಕದ ಬೆಲೆ ಇದ್ದಾಗ ಕೇಳುವುದೇ ಬೇಡ.

1883ರಲ್ಲಿ ಅಚ್ಚಾದ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟ ನಮ್ಮ ಜಿಲ್ಲೆಯ ಬಗ್ಗೆ ಇರುವ ದೊಡ್ಡ ನಿಧಿ. ಘಟ್ಟಗಳು, ರಸ್ತೆಗಳು, ಬಂದರಿನ ವ್ಯಾಪಾರ ಎಲ್ಲ ಇದೆ. ಇಂಥ ಪುಸ್ತಕಗಳಿಗೆ ಒಂದು ಸ್ವಭಾವ ಇರುತ್ತದೆ: ರೂಪಾಯಿ ಎಣಿಸುತ್ತವೆ, ಮೈಲಿ ಎಣಿಸುತ್ತವೆ. ರಸ್ತೆಯನ್ನು 'ಗಾಡಿಗೆ ಯೋಗ್ಯ', 'ಯೋಗ್ಯವಲ್ಲ' ಅಂತ ವಿಂಗಡಿಸುತ್ತವೆ. ಯೋಗ್ಯ ಅಂದರೆ ಗಾಲಿ ಹೋಗುತ್ತದೆ ಅಂತ ಅರ್ಥ. ಕುತ್ತಿಗೆಗೆ ಯೋಗ್ಯವೇ ಅನ್ನುವ ಕಾಲಂ ಇಲ್ಲ. ಬರೆದವರು ಕುದುರೆಯ ಮೇಲೋ ಪಲ್ಲಕ್ಕಿಯಲ್ಲೋ ಓಡಾಡಿದವರು ಅನ್ನುವುದೂ ಒಂದು ಕಾರಣ ಇರಬಹುದು ಅಂತ ನನ್ನ ಅನುಮಾನ.

ಇಷ್ಟೆಲ್ಲ ನನ್ನ ತಲೆಗೆ ಹೊಕ್ಕಿದ್ದು ಭಾವನಿಂದ. ಭಾವ ಅಮೆರಿಕದಲ್ಲಿದ್ದಾನೆ. ಅಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ ಸಿಗುತ್ತದಲ್ಲ, ಟ್ರಾವೆಲ್ ಟ್ರೈಲರ್ ಅಂತ, ಅಡುಗೆಮನೆ-ಬಚ್ಚಲು ಎಲ್ಲ ಇರುವುದು, ಅದರಲ್ಲಿ ಒಂದನ್ನು ಕೊಳ್ಳುತ್ತಿದ್ದಾನೆ. ಮೊದಲ ಟ್ರೈಲರ್. ಅಂಗಡಿಯವ "ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಿ" ಅಂದನಂತೆ. ಬೆಲೆ ನೋಡಿ ಭಾವನಿಗೆ ಜೀವ ಹೋಯಿತು. "ಇದು ಬೇಕಾ? ಯಾವುದು ತಗಳ್ಳವು? ನೀ ಇಂಜಿನಿಯರ್ ಅಲ್ದನ" ಅಂತ ಫೋನು. ನಾನು ಸಾಫ್ಟ್‌ವೇರ್ ಇಂಜಿನಿಯರ್ ಭಾವಾ, ನಟ್ಟು ಬೋಲ್ಟು ನನ್ನ ಕೆಲಸ ಅಲ್ಲ ಅಂದರೆ ಕೇಳಬೇಕಲ್ಲ. ಓದುತ್ತ ಹೋದ ಹಾಗೆ ಗೊತ್ತಾಯಿತು, ಇದು ಮೂಕಿಯ ಪ್ರಶ್ನೆಯೇ!

ಟ್ರೈಲರಿನ ಅಚ್ಚು ನಡುವಿನಲ್ಲಿ, ಸ್ವಲ್ಪ ಹಿಂದೆ. ಮುಂದಿನ ತುದಿ ಕಾರಿನ ಹಿಂಬದಿಯ ಗುಂಡಿನ ಮೇಲೆ ಕೂರುತ್ತದೆ. ಆ ತುದಿಯ ಭಾರಕ್ಕೆ ಅವರು ನಾಲಿಗೆಯ ತೂಕ ಅನ್ನುತ್ತಾರೆ, ನಾವು ಮೂಕಿ ಭಾರ ಅನ್ನೋಣ. ಅದು ಒಟ್ಟು ತೂಕದ ಶೇಕಡಾ 10ರಿಂದ 15 ಇರಬೇಕು ಅನ್ನುವುದು ಅಮೆರಿಕದ ಸಾಮಾನ್ಯ ಲೆಕ್ಕ. 2,500 ಕಿಲೋ ಟ್ರೈಲರಿಗೆ 250ರಿಂದ 375. ನಮ್ಮ ಗಾಡಿಯ ಲೆಕ್ಕದಲ್ಲಿ ಸಪಾಟು ನೆಲದಲ್ಲಿ ಬಂದದ್ದು ಶೇಕಡಾ 3ರ ಸುಮಾರು. ವ್ಯತ್ಯಾಸ ಯಾಕೆ? ಅಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗ. ಆ ವೇಗದಲ್ಲಿ ಹಿಂಭಾರದ ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡಿದರೆ ಕಾರನ್ನೂ ಎಳೆದುಕೊಂಡು ಹಳ್ಳಕ್ಕೆ ಹೋಗುತ್ತದೆ. ಎತ್ತಿನ ಗಾಡಿಗೆ ಆ ಭಯ ಇಲ್ಲ. ಕುತ್ತಿಗೆ ಎಷ್ಟು ತಾಳುತ್ತದೋ ಅಷ್ಟೇ ಅಲ್ಲಿ ಮಿತಿ.

ಈಗ ಕಾರಿನ ಹಿಂದೆ 300 ಕಿಲೋ ಕೂತರೆ ಏನಾಗುತ್ತದೆ ನೋಡಿ. ಗುಂಡು ಇರುವುದು ಹಿಂದಿನ ಗಾಲಿಗಿಂತ ಒಂದೂವರೆ ಮೀಟರ್ ಹಿಂದೆ, ಕಾರಿನ ಎರಡು ಅಚ್ಚುಗಳ ನಡುವೆ 3 ಮೀಟರ್ ಅನ್ನಿ. ಆಗ ಮುಂದಿನ ಗಾಲಿಯಿಂದ 150 ಕಿಲೋ ಎದ್ದುಹೋಗುತ್ತದೆ, ಹಿಂದಿನ ಗಾಲಿಗೆ 450 ಬೀಳುತ್ತದೆ. ಸ್ಟೇರಿಂಗ್ ಇರುವುದು ಮುಂದೆ, ಬ್ರೇಕಿನ ಹೆಚ್ಚಿನ ಕೆಲಸ ಮಾಡುವುದೂ ಮುಂದಿನ ಗಾಲಿ. ಅವು ಹಗುರಾದರೆ ಗಾಡಿ ಮಾತು ಕೇಳುವುದಿಲ್ಲ. ಈ ಹಿಚ್ಚಿನಲ್ಲಿ ಎರಡು ಸ್ಪ್ರಿಂಗ್ ಸರಳುಗಳಿರುತ್ತವೆ. ಗುಂಡಿನ ಕೆಳಗಿನಿಂದ ಹೊರಟು ಟ್ರೈಲರಿನ ಚೌಕಟ್ಟಿಗೆ ಬಿಗಿಯುತ್ತವೆ. ಬಿಗಿದಾಗ ಅವು ಸನ್ನೆಗೋಲಿನ ಹಾಗೆ ಕಾರಿನ ಬಾಲವನ್ನು ಮೇಲೆತ್ತುತ್ತವೆ. ಮುಂದಿನ ಗಾಲಿಗೆ 100 ಕಿಲೋ ವಾಪಸ್ ಬರುವಷ್ಟು ಬಿಗಿದರೆ, ಟ್ರೈಲರಿನ ಅಚ್ಚು ಗುಂಡಿನಿಂದ 5 ಮೀಟರ್ ಹಿಂದಿದ್ದರೆ, ಆ ಅಚ್ಚಿಗೂ ಸುಮಾರು 46 ಕಿಲೋ ಹೋಗುತ್ತದೆ, ಹಿಂದಿನ ಗಾಲಿಯಿಂದ ಸುಮಾರು 146 ಇಳಿಯುತ್ತದೆ. ಒಟ್ಟು ಭಾರ ಅಷ್ಟೇ. ಹಂಚಿಕೆ ಮಾತ್ರ ಬೇರೆ.

ಹಾಗಾಗಿ ಭಾವನಿಗೆ ಹೇಳಿದ್ದು: ಕ್ಯಾಟಲಾಗಿನ ಖಾಲಿ ಟ್ರೈಲರಿನ ತೂಕ ನೋಡಿ ಹಿಚ್ಚು ಆರಿಸಬೇಡ. ನೀರಿನ ಟಾಂಕಿ, ಗ್ಯಾಸಿನ ಸಿಲಿಂಡರು, ಅಕ್ಕನ ಪಾತ್ರೆಪಗಡೆ, ಅಕ್ಕಿ ಚೀಲ ಎಲ್ಲ ಹೇರಿದ ಮೇಲೆ ಮೂಕಿ ಎಷ್ಟು ತೂಗುತ್ತದೆ ಅನ್ನುವುದು ಮುಖ್ಯ. ಕಾರಿನ ಡಿಕ್ಕಿಯಲ್ಲಿ ಹಿಂದಿನ ಗಾಲಿಗಿಂತ ಹಿಂದೆ ಇಟ್ಟ ಸಾಮಾನನ್ನೂ ಅದಕ್ಕೆ ಸೇರಿಸು. ಆ ಅಂಕಿಗೆ ಸರಿಹೊಂದುವ ಸರಳು ತಗೋ. ಮೆತ್ತಗಿನದಾದರೆ ಕೆಲಸ ಮಾಡುವುದಿಲ್ಲ, 'ಇರಲಿ ಗಟ್ಟಿ' ಅಂತ ಅತಿ ಬಿರುಸಿನದು ತಂದರೆ ಹೊಡೆತವೆಲ್ಲ ಚೌಕಟ್ಟಿಗೆ ಹೋಗುತ್ತದೆ. ಓಲಾಟ ತಡೆಯುವ ವ್ಯವಸ್ಥೆ ಸರಳಿನಲ್ಲೇ ಸೇರಿದ್ದರೆ ಮೊದಲ ಸಲದವರಿಗೆ ಸುಲಭ. ಆಮೇಲೆ ತೂಕದ ಕಟ್ಟೆಗೆ ಮೂರು ಸಲ ಹೋಗು: ಕಾರು ಮಾತ್ರ, ಟ್ರೈಲರ್ ಕಟ್ಟಿ ಸರಳು ಬಿಗಿಯದೆ, ಸರಳು ಬಿಗಿದು. ಮುಂದಿನ ಗಾಲಿ ಕಳೆದುಕೊಂಡದ್ದರಲ್ಲಿ ಎಷ್ಟು ವಾಪಸ್ ಬರಬೇಕು ಅಂತ ಕಾರಿನ ಪುಸ್ತಕದಲ್ಲಿ ಇರುತ್ತದೆ, ಅಂಗಡಿಯವನ ಬಾಯಲ್ಲಿ ಅಲ್ಲ. ಇನ್ನೊಂದು ಮಾತು, ತಪ್ಪು ಹೇರಿದ್ದನ್ನು ಯಾವ ಹಿಚ್ಚೂ ಸರಿ ಮಾಡುವುದಿಲ್ಲ. ಹಿಂಭಾರ ಇದ್ದರೆ ಸಾಮಾನು ಇಳಿಸಿ ಮತ್ತೆ ಹೇರಬೇಕು, ಅಜ್ಜ ಮಾಡಿದ ಹಾಗೆ.

ನಮ್ಮ ಗಾಡಿಗೆ ಇಂಥ ಹಂಚುವ ಸರಳು ಯಾಕೆ ಬರಲಿಲ್ಲ? ಬರುವಂತಿಲ್ಲ. ಕಾರಿಗೆ ಮುಂದೆ ಹಿಂದೆ ಎರಡು ಅಚ್ಚು, ಒಂದರಿಂದ ಇನ್ನೊಂದಕ್ಕೆ ಕಳಿಸಬಹುದು. ಎತ್ತಿಗೆ ಭಾರ ಇಳಿಯುವ ಜಾಗ ಒಂದೇ, ಹೆಗಲು. ಆದರೆ ಅಡ್ಡಕ್ಕೆ ಹಂಚುವ ಉಪಾಯ ಇತ್ತು, ಅದು ನನಗೆ ತುಂಬ ಇಷ್ಟವಾದದ್ದು. ಎರಡು ಎತ್ತುಗಳಲ್ಲಿ ಒಂದು ಎಳೆಯದೋ ಸೊರಗಿದ್ದೋ ಆಗಿದ್ದರೆ ಮೂಕಿಯನ್ನು ನೊಗದ ನಟ್ಟನಡುವೆ ಕಟ್ಟದೆ ಬಲವಾದ ಎತ್ತಿನ ಕಡೆಗೆ ಸ್ವಲ್ಪ ಸರಿಸಿ ಕಟ್ಟುತ್ತಾರೆ. ಎರಡು ಕುತ್ತಿಗೆಗಳ ನಡುವೆ 120 ಸೆಂಟಿಮೀಟರ್ ಇದ್ದು 6 ಸೆಂಟಿಮೀಟರ್ ಸರಿಸಿದರೆ ಬಲಶಾಲಿಗೆ ನೂರಕ್ಕೆ 55, ಇನ್ನೊಂದಕ್ಕೆ 45. ಒತ್ತುವ ಭಾರವೂ ಹಾಗೆ, ಎಳೆಯುವ ಪಾಲೂ ಹಾಗೆ. ಒಂದು ಹಗ್ಗ, ನಾಲ್ಕು ಬೆರಳು. ಪೇಟೆಂಟ್ ಇಲ್ಲ, ಬೆಲೆ ಪಟ್ಟಿ ಇಲ್ಲ.

ಹತ್ತಿಗಾಡಿಗಳ ಕಾಲ ಮುಗಿದದ್ದು ರೈಲಿನಿಂದ. ಮ್ಯಾಂಚೆಸ್ಟರಿನವರಿಗೆ ಬೇಕಿದ್ದದ್ದು ಕಾರವಾರ ಬಂದರು, ಅಲ್ಲಿಂದ ಘಟ್ಟದ ಮೇಲಕ್ಕೆ ರಸ್ತೆ, ಸಾಧ್ಯವಾದರೆ ರೈಲು. ರಸ್ತೆ ಆಯಿತು. ರೈಲು ಮಾತ್ರ ಮಾರ್ಮಗೋವಾಕ್ಕೆ ಹೋಯಿತು. ಸದರ್ನ್ ಮರಾಠಾ ರೈಲ್ವೆ ಧಾರವಾಡದ ಕಡೆ ಬಂದು, 1880ರ ದಶಕ ಮುಗಿಯುವುದರೊಳಗೆ ಕ್ಯಾಸಲ್‌ರಾಕ್ ಮೂಲಕ ಗೋವಾದ ಬಂದರಿಗೆ ಸಂಪರ್ಕ ಸಿಕ್ಕಿತು. ಹತ್ತಿ ಅತ್ತ ತಿರುಗಿತು, ಕುಮಟಾ ಬಂದರು ಸೊರಗಿತು, ಹೆಸರೊಂದು ಹತ್ತಿಯ ಮೇಲೆ ಉಳಿಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರಕ್ಕೂ ಇವತ್ತಿಗೂ ರೈಲಿಲ್ಲ. ಸಿದ್ದಾಪುರದವರು ತಾಳಗುಪ್ಪಕ್ಕೆ ಹೋಗಿ ಹತ್ತಬೇಕು. ಹುಬ್ಬಳ್ಳಿ-ಅಂಕೋಲಾ ರೈಲಿನ ಬಗ್ಗೆ ಇಲ್ಲಿ ಶುರುಮಾಡಿದರೆ ಪರ-ವಿರೋಧದ ಜಗಳಕ್ಕೇ ಈ ಬರಹ ಸಾಲುವುದಿಲ್ಲ, ಬಿಡೋಣ.

ಹತ್ತಿ ಹೋದರೂ ಗಾಡಿ ಹೋಗಲಿಲ್ಲ. 1923ರಲ್ಲಿ ಶಿರಸಿಯಲ್ಲಿ ಅಡಿಕೆ ಬೆಳೆಗಾರರು ಟಿ.ಎಸ್.ಎಸ್. ಕಟ್ಟಿಕೊಂಡಾಗ ಹಳ್ಳಿಗಳ ಅಡಿಕೆ ಪೇಟೆಗೆ ಬರುತ್ತಿದ್ದದ್ದು ಗಾಡಿಯಲ್ಲೇ. ಅಡಿಕೆ ಚೀಲ ಉಪ್ಪಿನಷ್ಟು ತಗ್ಗಲ್ಲ, ಹತ್ತಿಯಷ್ಟು ಎತ್ತರವೂ ಅಲ್ಲ. ಆಮೇಲೆ ಲಾರಿ ಬಂದು ಘಟ್ಟ ಇಳಿಯುವ ಕೆಲಸ ಅದಕ್ಕೆ ಹೋಯಿತು. ಎತ್ತಿಗೆ ಹಳ್ಳಿಯಿಂದ ಪೇಟೆ, ತೋಟದಿಂದ ಮನೆ ಉಳಿಯಿತು.

ಕಾಯಿದೆ ಕುತ್ತಿಗೆಯ ಹತ್ತಿರ ಬಂದದ್ದು 1965ರಲ್ಲಿ. ಎಳೆಯುವ ಮತ್ತು ಹೊರುವ ಪ್ರಾಣಿಗಳ ಹಿಂಸೆ ತಡೆಯುವ ನಿಯಮಗಳು ಆ ವರ್ಷ ಬಂದವು. ಎತ್ತಿನ ಗಾತ್ರ, ಗಾಡಿಯ ಬಗೆ ನೋಡಿ ಇಷ್ಟೇ ಹೇರಬೇಕು ಅಂತ ಮಿತಿ. ಅದರಲ್ಲೊಂದು ಕಲಮು ನಮ್ಮ ಕಡೆಯವರಿಗಾಗಿಯೇ ಬರೆದ ಹಾಗಿದೆ: ದಾರಿಯಲ್ಲಿ ಒಂದು ಕಿಲೋಮೀಟರಿಗೆ ಕಡಿಮೆಯಿಲ್ಲದ ಏರು ಇದ್ದು, ಅದು 30 ಮೀಟರಿಗೆ 3 ಮೀಟರಿಗಿಂತ ಕಡಿದಾಗಿದ್ದರೆ ಅರ್ಧವೇ ಹೇರಬೇಕು. ಹತ್ತಕ್ಕೆ ಒಂದು! ಆದರೆ ನೋಡಿ, ಆ ಕಲಮಿನಲ್ಲಿ ಏರಿನ ಮಾತಿದೆ, ಇಳಿಜಾರಿನದಿಲ್ಲ. ಕುಮಟಾಕ್ಕೆ ಹೊರಟ ಹತ್ತಿಗಾಡಿ ಈ ನಿಯಮದ ಕಾಲದಲ್ಲಿ ಇದ್ದಿದ್ದರೆ ಇಳಿಯುವಾಗ ಪೂರ್ತಿ ಹೇರಬಹುದಿತ್ತು.

ಅಳತೆಗೆ ಕೂತವರು ಆಮೇಲೆ ಬಂದರು. 1979ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವನ್ ಮತ್ತು ಪ್ರಸನ್ನ ರಾವ್ ಎರಡು ಗಾಲಿಯ ಎತ್ತಿನಗಾಡಿಯ ಮೇಲಿನ ಬಲಗಳ ಬಗ್ಗೆ ಎರಡು ಪ್ರಬಂಧ ಬರೆದರು, ಒಂದು ಲೆಕ್ಕದ್ದು, ಇನ್ನೊಂದು ಗಾಡಿಯ ಮೇಲೇ ಅಳೆದದ್ದು. ಅದೇ ವರ್ಷ ಐಐಎಂ ಬೆಂಗಳೂರಿನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿಯವರು ಎತ್ತಿನಗಾಡಿಯ ಆಧುನೀಕರಣದ ಬಗ್ಗೆ ವರದಿ ಕೊಟ್ಟರು. ಮ್ಯಾನೇಜ್‌ಮೆಂಟ್ ಸಂಸ್ಥೆಯ ನಿರ್ದೇಶಕರು ಎತ್ತಿನ ಕುತ್ತಿಗೆಯ ಹುಣ್ಣಿನ ಬಗ್ಗೆ ಮಾತಾಡುತ್ತ ದೇಶ ಸುತ್ತಿದರು ಅಂದರೆ ಈಗಿನ ಎಂಬಿಎ ಹುಡುಗರು ನಂಬುತ್ತಾರೋ ಇಲ್ಲವೋ. ನನಗಂತೂ ಅವರ ಮೇಲೆ ದೊಡ್ಡ ಗೌರವ. ದುಃಖದ ಸಂಗತಿ ಎಂದರೆ, ಈ ಅಳತೆಗಳು ಬರುವ ಹೊತ್ತಿಗೆ ನಮ್ಮೂರಲ್ಲಿ ಗಾಡಿಗಳು ಕೊಟ್ಟಿಗೆಯ ಮೂಲೆ ಸೇರುವ ದಿನ ದೂರ ಇರಲಿಲ್ಲ.

ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿನ ಚರಿತ್ರೆಯಲ್ಲೂ ಇದೇ ರಗಳೆ. ಹಳೆಯ ಟ್ರ್ಯಾಕ್ಟರುಗಳ ಹಿಂದೆ ನೇಗಿಲು ಸಿಕ್ಕಿಕೊಂಡರೆ ಮೂತಿ ಎದ್ದು, ಹಿಂದಕ್ಕೆ ಮಗುಚಿ, ಓಡಿಸುವವನ ಮೇಲೇ ಬೀಳುತ್ತಿದ್ದವು. ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ 1920ರ ದಶಕದಲ್ಲಿ ಮೂರು ಬಿಂದುಗಳಲ್ಲಿ ಕಟ್ಟುವ ಕ್ರಮ ಕಂಡುಹಿಡಿದು, 1939ರಲ್ಲಿ ಫೋರ್ಡ್ ಜೊತೆ ಅದನ್ನು ಮಾರುಕಟ್ಟೆಗೆ ತಂದ. ನೇಗಿಲಿನ ಜಗ್ಗಾಟವೇ ಹಿಂದಿನ ಗಾಲಿಯನ್ನು ನೆಲಕ್ಕೆ ಒತ್ತಿ, ಮೂತಿ ಏಳದ ಹಾಗೆ ಮಾಡುವ ಜೋಡಣೆ ಅದು. ಇವತ್ತು ನಮ್ಮೂರಿನ ಯಾವ ಟ್ರ್ಯಾಕ್ಟರಿನ ಬೆನ್ನು ನೋಡಿದರೂ ಅದೇ. ಆದರೆ ಟ್ರೈಲರ್ ಕಟ್ಟುವಾಗ ಅದರ ಪ್ರಯೋಜನ ಇಲ್ಲ, ಅಲ್ಲಿ ಮತ್ತೆ ಮೂಕಿ ಭಾರವೇ. ಎರಡು ಗಾಲಿಯ ಟ್ರೈಲರ್ ತನ್ನ ಭಾರದ ಒಂದು ಪಾಲನ್ನು ಟ್ರ್ಯಾಕ್ಟರಿನ ಮೇಲೆ ಹಾಕುತ್ತದೆ, ನಾಲ್ಕು ಗಾಲಿಯದು ಹೆಚ್ಚುಕಡಿಮೆ ಹಾಕುವುದಿಲ್ಲ. ಕೆಂಪುಕಲ್ಲನ್ನು ಎರಡು ಗಾಲಿಯದರಲ್ಲಿ ಪೂರ್ತಿ ಮುಂದಕ್ಕೆ ಹೇರಿ ಏರು ಹತ್ತಿಸುವವರನ್ನು ನೋಡಿದ್ದೇನೆ. ಮುಂದಿನ ಗಾಲಿ ನೆಲ ಮುಟ್ಟಿಯೂ ಮುಟ್ಟದ ಹಾಗೆ, ಸ್ಟೇರಿಂಗ್ ತಿರುಗಿಸಿದರೆ ಗಾಡಿ ಕೇಳುವುದಿಲ್ಲ.

ತೋಟದವರ ಮನೆಗಳಲ್ಲಿ ಟ್ರ್ಯಾಕ್ಟರಿಗಿಂತ ಹೆಚ್ಚು ಕಾಣುವುದು ಟಿಲ್ಲರು. ಗೊಬ್ಬರ, ಸೊಪ್ಪು, ಅಡಿಕೆ ಗೊನೆ, ಕೆಲಸದವರು, ಮದುವೆಮನೆಯ ಪಾತ್ರೆ ಎಲ್ಲದಕ್ಕೂ ಅದೇ. ಟಿಲ್ಲರಿಗೆ ಇರುವುದು ಎರಡೇ ಗಾಲಿ, ಹಿಂದೆ ಟ್ರೈಲರಿನದು ಎರಡು, ಓಡಿಸುವವ ಕೂರುವುದು ಟ್ರೈಲರಿನ ಮುಂದೆ. ಥೇಟ್ ಗಾಡಿ! ಎತ್ತಿನ ಜಾಗದಲ್ಲಿ ಇಂಜಿನು. ಇದರಲ್ಲಿ ಒಂದು ಪ್ರಾಣಕ್ಕೆ ಬರುವ ವಿಷಯ ಇದೆ, ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ. ಟಿಲ್ಲರನ್ನು ಎಡಕ್ಕೆ ತಿರುಗಿಸಲು ಎಡಗೈಯ ಕ್ಲಚ್ ಒತ್ತುತ್ತೇವೆ. ಎಡ ಗಾಲಿಗೆ ಇಂಜಿನಿನ ಶಕ್ತಿ ನಿಲ್ಲುತ್ತದೆ, ಬಲ ಗಾಲಿ ಮುಂದೆ ಹೋಗಿ ಮೂತಿ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ, ಅದೂ ಹಿಂದೆ ಭಾರದ ಟ್ರೈಲರ್ ನೂಕುತ್ತಿರುವಾಗ, ಇಂಜಿನು ಗಾಲಿಯನ್ನು ಓಡಿಸುತ್ತಿರುವುದಿಲ್ಲ, ತಡೆದು ಹಿಡಿದಿರುತ್ತದೆ. ಆಗ ಎಡ ಕ್ಲಚ್ ಒತ್ತಿದರೆ ಎಡ ಗಾಲಿ ಬಿಟ್ಟುಕೊಂಡು ಮುಂದೆ ಓಡುತ್ತದೆ, ಮೂತಿ ಬಲಕ್ಕೆ ತಿರುಗುತ್ತದೆ. ಎಲ್ಲ ಉಲ್ಟಾ. ಎಡಕ್ಕೆ ತಿರುಗಬೇಕಾದ ಜಾಗದಲ್ಲಿ ಬಲಕ್ಕೆ ಹಳ್ಳ ಇದ್ದರೆ ಮುಗಿಯಿತು. ಅಂಥ ಇಳಿಜಾರಿಗೆ ಬರುವ ಮೊದಲೇ ಸಣ್ಣ ಗೇರಿಗೆ ಹಾಕಿ, ಕ್ಲಚ್ ಮುಟ್ಟದೆ, ಹಿಡಿಯನ್ನೇ ಹಿಡಿದು ತಿರುಗಿಸಿ, ಟ್ರೈಲರಿನ ಬ್ರೇಕು ಒತ್ತಿಕೊಂಡು ಇಳಿಯಬೇಕು. ಊರಿಗೆ ಹೋದಾಗ ಉಮೇದಿನಲ್ಲಿ ಟಿಲ್ಲರ್ ಹತ್ತುವ ಬೆಂಗಳೂರಿನ ಭಾವಂದಿರು ಇದನ್ನು ದಯವಿಟ್ಟು ಎರಡು ಸಲ ಓದಿ.

ಇನ್ನೊಂದು ಕೇಳುವುದಿತ್ತು. ಗಾಡಿಯ ಮುಂದಿನ ಭಾರಕ್ಕೆ, ಹಿಂದಿನ ಭಾರಕ್ಕೆ ಒಂದೊಂದು ಕಡೆ ಒಂದೊಂದು ಹೆಸರು ಇರಬೇಕು. ನಮ್ಮ ಕಡೆ ಮೂಕಿ ಅಂದದ್ದಕ್ಕೆ ನಿಮ್ಮಲ್ಲಿ ಏನಂತಾರೆ? ಬಯಲುಸೀಮೆಯ ಚಕ್ಕಡಿಯವರು, ಮಂಡ್ಯದ ಕಬ್ಬಿನ ಗಾಡಿಯವರು, ಕಾಸರಗೋಡಿನವರು ಯಾರಾದರೂ ಇದ್ದರೆ ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಇಳಿಜಾರಿನಲ್ಲಿ ಗಾಡಿಯ ಹಿಂದೆ ಕಟ್ಟುವ ಆ ಮರದ ತುಂಡಿಗೂ ಏನೋ ಒಂದು ಹೆಸರಿತ್ತು ಅಂತ ಅಜ್ಜ ಅಂದರು, ಅವರಿಗೇ ನೆನಪಾಗಲಿಲ್ಲ.